ಪುಟ ತಿರುವುವ ಜಾಗ

ಮೇಷ್ಟ್ರು ಅಷ್ಟು ಜೋರಾಗಿ ನಗಬಲ್ಲರು ಎಂಬುದು ಚುಕ್ಕಿಗೆ ಗೊತ್ತಾದದ್ದು ಬೇರೊಬ್ಬಳು ಅವರನ್ನು ನಗಿಸಿದಾಗ.

"ಏಯ್ ಗೊಣಗ! ಇನ್ನೂ ಹಾಗೇ ಇದ್ದೀಯಲ್ಲೋ!"

ಬಾಗಿಲಲ್ಲಿ ಹಸಿರು ಕೋಟಿನ ಎತ್ತರದ ಹೆಂಗಸು. ಕಂಕುಳಲ್ಲಿ ಹಾಳೆಗಳ ಕಟ್ಟು. ಇಡೀ ಕಚೇರಿ 'ಮೇಷ್ಟ್ರೇ' ಎಂದು ಗೌರವದಿಂದ ಕರೆಯುವ ಮನುಷ್ಯನ ಭುಜ ಹಿಡಿದು ಆಕೆ ಅಲುಗಾಡಿಸಿದಳು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಚುಕ್ಕಿ ಕಂಪ್ಯೂಟರಿನ ಮರೆಯಿಂದ ನೋಡಿದಳು. ಏಕವಚನ! ಅದೂ ಎಷ್ಟು ಸಲೀಸಾಗಿ.

ಅದು ಸಂಗೀತದ ಪುಸ್ತಕಗಳನ್ನು ಪ್ರಕಟಿಸುವ ಪುಟ್ಟ ಸಂಸ್ಥೆ. ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ. ಒಳಕೋಣೆಯಲ್ಲಿ ಒಂದು ಹಳೇ ಪಿಯಾನೊ. ಸಂಗೀತ ಬರೆದವರು ಗೀಚಿ ತಂದ ಹಾಳೆಗಳನ್ನು ಅಂದವಾದ ಪುಟಗಳನ್ನಾಗಿ ಮಾಡುವುದು ಚುಕ್ಕಿಯ ಕೆಲಸ. ಅವಳು ಬಳಸುವ ಸಾಫ್ಟ್‌ವೇರಿನಲ್ಲಿ ಯಾವುದನ್ನೂ ಮೌಸಿನಿಂದ ಹಿಡಿದು ಎಳೆಯುವ ಹಾಗಿಲ್ಲ. ಎಲ್ಲವನ್ನೂ ಅಕ್ಷರದಲ್ಲಿ ಬರೆದು ಹೇಳಬೇಕು: ಈ ಸ್ವರ ಇಲ್ಲಿ, ಸ್ವರಗಳನ್ನು ಬೆಸೆಯುವ ಈ ಸ್ಲರ್ ಗೆರೆ ಕೂದಲೆಳೆಯಷ್ಟು ಮೇಲೆ, ಈ ಸಾಲು ಇಲ್ಲಿಗೆ ಮುಗಿಯಲಿ. ಬರೆದು ಗುಂಡಿ ಒತ್ತಿದರೆ ಪಕ್ಕದ ಕಿಟಕಿಯಲ್ಲಿ ಪುಟ ಮೂಡುತ್ತದೆ. ಸರಿ ಬರದಿದ್ದರೆ ಮತ್ತೆ ಬರೆಯಬೇಕು.

ಎದುರು ಮೇಜಿನ ಮೇಷ್ಟ್ರು ಹಿಂದೆ ಶಾಲೆಯಲ್ಲಿ ಸಂಗೀತ ಕಲಿಸಿದ್ದವರು. ಈಗ ಅವಳ ಪುಟಗಳಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಕೆಂಪು ಪೆನ್ಸಿಲ್ ಕಿವಿಯ ಮೇಲೆ ಸಿಕ್ಕಿಸಿಕೊಂಡು ಬರುತ್ತಿದ್ದರು.

"ಚುಕ್ಕಿಯವ್ರೇ, ಈ ಸ್ಲರ್ ಗೆರೆ ಪಾಪ ಸ್ವರದ ತಲೆಗೆ ಬಡೀತಿದೆ."

"ಹೆಲ್ಮೆಟ್ ಹಾಕಿಸ್ಲಾ?"

"ಬೇಡ, ಗೆರೇನೇ ಸ್ವಲ್ಪ ಎತ್ತಿ ಸಾಕು." ಕನ್ನಡಕದ ಮೇಲಿಂದ ಒಂದು ನೋಟ. ತುಟಿಯಂಚಿನಲ್ಲಿ ಬಂದೂ ಬಾರದ ನಗು.

ಆ ಅರೆನಗುವೇ ತನ್ನ ಪಾಲಿಗೆ ಬಂದದ್ದು, ಅದಕ್ಕಿಂತ ದೊಡ್ಡದು ಆ ಮುಖದಲ್ಲಿ ಇಲ್ಲವೇ ಇಲ್ಲ ಎಂದುಕೊಂಡಿದ್ದಳು ಚುಕ್ಕಿ. ಈಗ ನೋಡಿದರೆ ದೊಡ್ಡ ನಗು ಇತ್ತು. ಬೇರೆಯವರ ಹೆಸರಿಗೆ ಎತ್ತಿಟ್ಟದ್ದು.

ಬಂದಾಕೆ ಪಿಯಾನೊ ನುಡಿಸುವವಳು, ಮೇಷ್ಟ್ರ ಜತೆ ಕಾಲೇಜಿನಲ್ಲಿ ಕಲಿತವಳು. ತಾನೇ ಬರೆದ ದೀರ್ಘ ಕೃತಿಯೊಂದನ್ನು ಪುಸ್ತಕ ಮಾಡಿಸಿ, ಬಿಡುಗಡೆಯ ಸಂಜೆ ಅದನ್ನೇ ನೋಡಿಕೊಂಡು ನುಡಿಸಬೇಕೆಂದಿದ್ದಳು. ಪಿಯಾನೊ ನುಡಿಸುವವರಿಗೆ ಎರಡು ಕೈಗೂ ಪುರುಸೊತ್ತಿರುವುದಿಲ್ಲ, ಪಕ್ಕದಲ್ಲಿ ನಿಂತು ಪುಟ ತಿರುವಲು ಒಬ್ಬರು ಬೇಕು.

"ನೀನೇ ತಿರುವಬೇಕು ಕಣೋ. ಕಾಲೇಜಲ್ಲಿ ತಿರುವ್ತಿದ್ದೆಯಲ್ಲ ಹಾಗೆ," ಎಂದಳು ಆಕೆ.

"ಅದಕ್ಕೇನಂತೆ," ಎಂದರು ಮೇಷ್ಟ್ರು.

ಅಂದಿನಿಂದ ದಿನವೂ ಮಧ್ಯಾಹ್ನ ಒಳಕೋಣೆಯಲ್ಲಿ ಅಭ್ಯಾಸ. ಚುಕ್ಕಿ ಹಾಕಿಕೊಟ್ಟ ಕರಡು ಪುಟಗಳು ಪಿಯಾನೊ ಮೇಲೆ. ಬಾಗಿಲು ತೆರೆದೇ ಇರುತ್ತಿತ್ತು, ಮುಚ್ಚಿದ್ದರೇ ಚೆನ್ನಾಗಿತ್ತು. ಆಕೆ ನುಡಿಸುವಳು, ಮೇಷ್ಟ್ರು ಎಡಕ್ಕೆ ನಿಂತಿರುವರು. ಬಲಪುಟದ ಕೊನೆಯ ಸಾಲು ಹತ್ತಿರವಾದಾಗ ಆಕೆ ಗದ್ದವನ್ನು ತುಸು ಎತ್ತುವಳು. ಅಷ್ಟೇ ಸನ್ನೆ. ಮೇಷ್ಟ್ರು ಆಕೆಯ ಮುಂದೆ ಬಾಗಿ ಹಾಳೆಯ ತುದಿ ಹಿಡಿಯುವರು. ಅವರ ತೋಳು ಆಕೆಯ ಕೂದಲಿಗೆ ಸೋಕಿತೋ ಇಲ್ಲವೋ, ಆಕೆ ಮಾತ್ರ ಸರಿದುಕೊಳ್ಳುತ್ತಿರಲಿಲ್ಲ.

ಒಂದು ದಿನ ಆಕೆ ನುಡಿಸುವುದನ್ನು ನಿಲ್ಲಿಸಿ ಅಂದದ್ದು ಹೊರಗೆ ಕೇಳಿಸಿತು. "ನಾನು ಊರೂರು ಸುತ್ತೋಕೆ ಹೊರಟಿದ್ದೀನಿ. ನನ್ ಜತೆ ಬಂದ್ಬಿಡೋ. ಇಲ್ಲಿ ಕೂತು ಬೇರೆಯವರ ತಪ್ಪು ಹುಡುಕ್ಕೊಂಡು ಎಷ್ಟು ದಿನ ಇರ್ತೀಯಾ?"

ಮೇಷ್ಟ್ರ ಉತ್ತರಕ್ಕಾಗಿ ಚುಕ್ಕಿ ಕಿವಿ ನೆಟ್ಟಗೆ ಮಾಡಿಕೊಂಡಳು. ಅಷ್ಟರಲ್ಲಿ ಕೆಳಗೆ ಯಾವುದೋ ಲಾರಿ ಹಾರ್ನ್ ಹೊಡೆಯಿತು. ಇವಳ ಹಣೆಬರಹ!

ಮನೆಯಲ್ಲಿ ಅವಳು ಈರುಳ್ಳಿ ಹೆಚ್ಚುತ್ತಿದ್ದ ರೀತಿ ನೋಡಿ ಅತ್ತಿಗೆ ಚಾಕು ಕಿತ್ತುಕೊಂಡಳು.

"ಈರುಳ್ಳಿ ಏನು ಮಾಡಿತು ನಿಂಗೆ?"

"ಏನಿಲ್ಲ ಅತ್ತಿಗೆ."

"ಹಸಿರು ಕೋಟಿನವಳು ಇವತ್ತೂ ಬಂದಿದ್ಲಾ?"

ಚುಕ್ಕಿ ಹೆಚ್ಚಿದ ಈರುಳ್ಳಿಯನ್ನು ತಟ್ಟೆಗೆ ಸುರಿದಳು.

"ಹೊಟ್ಟೆಕಿಚ್ಚು ಪಡೋದೇ ಆದ್ರೆ ಮನಸ್ಸಲ್ಲಿರೋದನ್ನ ಬಾಯಿಬಿಟ್ಟು ಹೇಳಿ ಆಮೇಲೆ ಪಡು ಮಾರಾಯ್ತಿ. ನೀನು ಹೇಳೋದೂ ಇಲ್ಲ, ಅವರು ಕೇಳೋದೂ ಇಲ್ಲ. ಮಧ್ಯದಲ್ಲಿ ನನ್ನ ಅಡುಗೆ ಕೆಡ್ತಿದೆ."

ಚುಕ್ಕಿಗೆ ಹೇಳುವ ಧೈರ್ಯ ಬರಲಿಲ್ಲ. ಬಂದದ್ದು ಬೇರೊಂದು ಉಪಾಯ.

ಬಲಪುಟ ಮುಗಿಯುವ ಕಡೆಯೆಲ್ಲ ಸಂಗೀತದಲ್ಲೊಂದು ವಿರಾಮ ಬಂದರೆ, ಒಂದು ಕೈ ಕ್ಷಣಹೊತ್ತು ಖಾಲಿಯಾದರೆ, ನುಡಿಸುವವಳೇ ಪುಟ ತಿರುವಿಕೊಳ್ಳಬಹುದು. ಪಕ್ಕದಲ್ಲಿ ಯಾರೂ ನಿಲ್ಲಬೇಕಾಗಿಲ್ಲ. ಬಾಗಬೇಕಾಗಿಲ್ಲ!

ಮಾರನೆಯ ದಿನ ಅವಳು ಊಟಕ್ಕೂ ಏಳಲಿಲ್ಲ. ಇಲ್ಲಿ ಪುಟ ಒಡೆಯಬೇಡ, ಇಲ್ಲಿ ಒಡೆ ಎಂದು ಬರೆದಳು. ಒಂದು ಸಾಲಿನಲ್ಲಿ ಸ್ವರಗಳನ್ನು ಸಡಿಲ ಬಿಟ್ಟಳು, ಇನ್ನೊಂದರಲ್ಲಿ ಒತ್ತೊತ್ತಾಗಿ ಕೂರಿಸಿದಳು. ಮೆತ್ತಗೆ ನುಡಿಸು ಎನ್ನುವ ಗುರುತು ಕೆಳಸಾಲಿಗೆ ಡಿಕ್ಕಿ ಹೊಡೆದಾಗ ಅದನ್ನು ಪಕ್ಕಕ್ಕೆ ಸರಿಸಿದಳು. ಯಾವ ಸ್ವರಕ್ಕೆ ಯಾವ ಬೆರಳು ಎಂದು ಹೇಳುವ ಅಂಕಿಗಳು ಸ್ಲರ್ ಗೆರೆಯ ಹೊಟ್ಟೆಗೆ ಸಿಕ್ಕಿಕೊಂಡಾಗ ಒಂದೊಂದನ್ನೇ ಬಿಡಿಸಿ ಹೊರಗಿಟ್ಟಳು. ಗುಂಡಿ ಒತ್ತುವಳು, ನೋಡುವಳು, ಮತ್ತೆ ಬರೆಯುವಳು. ಸಿಟ್ಟಿನಲ್ಲಿ ಕೆಲಸ ಇಷ್ಟು ಚೆನ್ನಾಗಿ ಸಾಗುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಪುಟಗಳು ಒಂದರ ಹಿಂದೊಂದು ವಿರಾಮದಲ್ಲಿ ಬಂದು ನಿಂತವು.

ಒಂದು ಮಾತ್ರ ಹಟ ಹಿಡಿಯಿತು. ಕೃತಿಯ ನಡುವೆ ಎರಡು ಕೈಗಳೂ ನಿಲ್ಲದೆ ಓಡುವ ಭಾಗವೊಂದು ಬಲಪುಟದಲ್ಲೇ ಶುರುವಾಗುತ್ತಿತ್ತು. ವಿರಾಮ ಸಿಗುವುದು ಅದು ಮುಗಿದ ಮೇಲೆಯೇ. ಅಷ್ಟನ್ನೂ ಒಂದೇ ಪುಟದಲ್ಲಿ ಹಿಡಿಸಬೇಕು. ಚುಕ್ಕಿ ಸ್ವರಗಳನ್ನು ಚಿಕ್ಕದು ಮಾಡಿದಳು, ಸಾಲುಗಳ ನಡುವಿನ ಜಾಗ ಕಿತ್ತುಕೊಂಡಳು, ಅಂಚು ಕಿರಿದು ಮಾಡಿದಳು. ಕೊನೆಗೆ ಹಿಡಿಸಿತು. ಆಫೀಸು ಬಿಡುವ ಹೊತ್ತಿನ ಬಸ್ಸಿನ ಹಾಗೆ, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗಿಸಿಕೊಂಡು. ಅದು ಅವಳಿಗೆ ಕಾಣದೆ ಇರಲಿಲ್ಲ. ಕಂಡರೂ ಪ್ರಿಂಟ್ ಕೊಟ್ಟಳು.

ಮೇಷ್ಟ್ರು ಪುಟಗಳನ್ನು ಓದುತ್ತ ಹೋದಂತೆ ಹುಬ್ಬು ಏರಿತು.

"ಅದ್ಭುತವಾಗಿದೆ ಚುಕ್ಕಿಯವ್ರೇ! ಎಲ್ಲಾ ತಿರುವೂ ವಿರಾಮದಲ್ಲೇ ಬರೋ ಹಾಗೆ..." ಎಂದವರು ನಡುವಿನ ಪುಟಕ್ಕೆ ಬಂದು ನಿಂತರು. ಪೆನ್ಸಿಲನ್ನು ಕಿವಿಯಿಂದ ತೆಗೆದರು. ಏನೂ ಬರೆಯದೆ ಮತ್ತೆ ಸಿಕ್ಕಿಸಿಕೊಂಡರು.

"ಇದನ್ನ ಯಾರಿಗೆ ಓದೋಕಾಗುತ್ತೆ?"

"ಕಷ್ಟಪಟ್ರೆ ಓದಬಹುದು."

"ಓಡೋ ಸಂಗೀತ ಇದು. ಎರಡು ಪುಟಕ್ಕೆ ಬಿಡಿಸಿ. ಮಧ್ಯದಲ್ಲಿ ತಿರುವೋಕೆ ನಾನಿರ್ತೀನಲ್ಲ."

"ಅದೇ ತೊಂದರೆ," ಎಂದುಬಿಟ್ಟಳು ಚುಕ್ಕಿ.

"ಯಾವುದು?"

"ನೀವು ಅಲ್ಲಿರೋದು."

ಮೇಷ್ಟ್ರು ಅವಳನ್ನೇ ನೋಡಿದರು. ಮೊದಲು ಅರ್ಥವಾಗದ ನೋಟ. ಆಮೇಲೆ ಮೆಲ್ಲಗೆ ಅರ್ಥವಾಗುತ್ತಿರುವ ನೋಟ. ಚುಕ್ಕಿಯ ಕಿವಿ ಬಿಸಿಯಾಯಿತು. ಈಗ ಆ ಅರೆನಗು ಬರಬಹುದೆಂದು ಒಳಗೊಳಗೇ ಕಾದಳು. ಬರಲಿಲ್ಲ.

"ನನ್ ಮೇಲೆ ಸಿಟ್ಟಿದ್ರೆ ನನ್ನನ್ನ ಬೈಯಿರಿ," ಎಂದರು ಅವರು, ದನಿ ಎತ್ತದೆ. "ಆಕೆ ಆ ಭಾಗ ಬರೆಯೋಕೆ ಎಷ್ಟು ಒದ್ದಾಡಿದ್ದಾಳೆ ನಂಗೊತ್ತು. ಅದನ್ನ ಯಾಕೆ ಉಸಿರುಕಟ್ಟಿಸ್ತೀರಿ?"

ಹಾಳೆಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಅವಮಾನಕ್ಕಿಂತ ಹೆಚ್ಚು ನೋಯಿಸಿದ್ದು ಅವರ ಮಾತು ನಿಜವಾಗಿದ್ದದ್ದು. ಸರಿ, ನಿಮ್ಮವಳ ಸಂಗೀತ ನಿಮಗೆ ಎಂದು ಗೊಣಗಿಕೊಂಡೇ ಚುಕ್ಕಿ ಕಡತ ತೆರೆದಳು. ಕಿರಿದು ಮಾಡಿದ್ದನ್ನೆಲ್ಲ ಅಳಿಸಿದಳು. ಸಾಲುಗಳಿಗೆ ಅವುಗಳ ಜಾಗ ಹಿಂದಿರುಗಿಸಿದಳು. ಓಡುವ ಭಾಗ ಎರಡು ಪುಟಗಳಿಗೆ ಹರಡಿಕೊಂಡಿತು. ಅದರ ನಟ್ಟನಡುವೆ, ಎರಡು ಕೈಗಳೂ ತುಂಬಿರುವಾಗ, ಒಂದು ತಿರುವು ಬಂತು. ಇಡೀ ಪುಸ್ತಕದಲ್ಲಿ ಪಕ್ಕದಲ್ಲೊಬ್ಬರು ಬೇಕಾದದ್ದು ಅದೊಂದೇ ಕಡೆ. ಚುಕ್ಕಿ ಅದನ್ನು ಮೇಷ್ಟ್ರಿಗೆ ಬಿಟ್ಟುಕೊಟ್ಟಳು. ಬಿಟ್ಟುಕೊಡುವಾಗ ಅತ್ತಳು ಕೂಡ.

ಮರುದಿನ ಅಭ್ಯಾಸ ಮುಗಿಸಿಕೊಂಡು ಪಿಯಾನೊದವಳು ಸೀದಾ ಅವಳ ಮೇಜಿಗೆ ಬಂದಳು. ಮೇಷ್ಟ್ರು ಇನ್ನೂ ಊಟದಿಂದ ಬಂದಿರಲಿಲ್ಲ.

"ಒಬ್ಬಳೇ ನುಡಿಸಿದೆ ಇವತ್ತು. ಇಷ್ಟು ಸುಖವಾದ ಪುಟಗಳಲ್ಲಿ ನಾನು ಯಾವತ್ತೂ ನುಡಿಸಿಲ್ಲಮ್ಮ. ಅದೊಂದು ತಿರುವಿಗೆ ಮಾತ್ರ ಜನ ಬೇಕು. ನೀನು ಬರ್ತೀಯಾ?"

"ನಾನಾ? ಮೇಷ್ಟ್ರು ಇದ್ದಾರಲ್ಲ."

ಪಿಯಾನೊದವಳು ಕುರ್ಚಿ ಎಳೆದುಕೊಂಡು ಕೂತಳು. ಹತ್ತಿರದಿಂದ ನೋಡಿದರೆ ಕಣ್ಣಿನ ಕೆಳಗೆ ಸುಸ್ತಿತ್ತು.

"ಸುಳ್ಳು ಹೇಳಲ್ಲ. ನಾನು ಬಂದಿದ್ದೇ ಅವನಿಗೋಸ್ಕರ. ಕಾಲೇಜಲ್ಲಿ ಬಿಟ್ಟುಹೋದದ್ದು ಈಗ ಸಿಗಬಹುದೇನೋ ಅಂತ. ಜತೆಗೆ ಬಾ ಅಂತ ಬಾಯಿಬಿಟ್ಟೇ ಕೇಳಿದೆ. ಆಗಲ್ಲ ಅಂದ. ಕೇಳಿದ ತಕ್ಷಣ ಅಂದ, ಯೋಚನೆ ಕೂಡ ಮಾಡ್ಲಿಲ್ಲ ಹಾಳಾದವನು." ನಗಲು ನೋಡಿದಳು, ನಗು ಪೂರ್ತಿಯಾಗಲಿಲ್ಲ. "ಈಗ ಅವನು ಪಕ್ಕದಲ್ಲಿ ಬಂದು ನಿಂತ್ರೆ ನನ್ ಕೈ ನಡುಗುತ್ತೆ. ಆ ಭಾಗದಲ್ಲಿ ಕೈ ನಡುಗಬಾರದು."

ಚುಕ್ಕಿ ಇಷ್ಟು ದಿನ ಮನಸ್ಸಿನಲ್ಲೇ ಈ ಹೆಂಗಸಿನ ಕೋಟಿನಿಂದ ಹಿಡಿದು ಉಗುರಿನವರೆಗೆ ಬೈದಿದ್ದಳು. ಅನುಮಾನ ಸುಳ್ಳಾಗಿರಲಿಲ್ಲ ಎಂದು ಖುಷಿಪಡಬೇಕಿತ್ತು. ಖುಷಿಯಾಗಲಿಲ್ಲ.

"ನಂಗೆ ಗದ್ದದ ಸನ್ನೆ ಗೊತ್ತಾಗಲ್ಲ," ಎಂದಳು ಕೊನೆಗೆ.

"ನೋಡ್ತಾನೇ ಇದ್ಯಲ್ಲ, ಬಾಗಿಲಿನಿಂದ!" ಎಂದಳು ಪಿಯಾನೊದವಳು. ಈ ಸಲ ಇಬ್ಬರಿಗೂ ನಗು ಬಂತು.

ಬಿಡುಗಡೆಯ ಸಂಜೆ ಸಣ್ಣ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅತ್ತಿಗೆ. ಎರಡು ಕುರ್ಚಿ ಆಚೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮೇಷ್ಟ್ರು. ಚುಕ್ಕಿ ಪಿಯಾನೊ ಪಕ್ಕ ಕೂತಿದ್ದಳು, ಬೆವರಿದ ಅಂಗೈಯನ್ನು ಮಡಿಲಲ್ಲಿ ಒರೆಸಿಕೊಳ್ಳುತ್ತ. ಅವಳು ಅಕ್ಷರದಲ್ಲಿ ಬರೆದು, ಸರಿಸಿ, ಕೂರಿಸಿದ ಒಂದೊಂದು ಸ್ವರವೂ ಈಗ ದನಿಯಾಗಿ ಏಳುತ್ತಿತ್ತು. ವಿರಾಮ ಬಂದಲ್ಲೆಲ್ಲ ಪಿಯಾನೊದವಳು ತಾನೇ ಪುಟ ತಿರುವಿಕೊಂಡಳು. ಓಡುವ ಭಾಗ ಶುರುವಾಯಿತು. ಚುಕ್ಕಿ ಎದ್ದು ನಿಂತಳು. ಇಷ್ಟು ಹತ್ತಿರದಿಂದ ಕೇಳಿದಾಗ ಅದು ಓಟವೆನಿಸಲಿಲ್ಲ. ಯಾರನ್ನೋ ಹಿಂದಿನಿಂದ ಕೂಗಿ ಕರೆದಂತಿತ್ತು. ಗದ್ದ ಮೇಲೆದ್ದಿತು. ಚುಕ್ಕಿ ಬಾಗಿದಳು, ಹಾಳೆಯ ತುದಿ ಹಿಡಿದಳು, ತಿರುವಿದಳು. ಒಂದು ಸ್ವರವೂ ತಪ್ಪಲಿಲ್ಲ.

ಚಪ್ಪಾಳೆಯ ಗಲಾಟೆಯಲ್ಲಿ ಅವಳು ಪಕ್ಕದ ಬಾಗಿಲಿನಿಂದ ಮೆಟ್ಟಿಲಿಗೆ ಬಂದಳು. ಹಿಂದೆಯೇ ಮೇಷ್ಟ್ರು.

"ಚುಕ್ಕಿಯವ್ರೇ, ಅವತ್ತು ಸ್ವಲ್ಪ ಗಟ್ಟಿಯಾಗಿ ಅಂದ್ಬಿಟ್ಟೆ."

"ಸರಿಯಾಗೇ ಅಂದ್ರಿ."

"ಆಕೆ ಜತೆ ಹೋಗಲ್ಲ ಅಂದೆ. ಯಾಕೆ ಅಂತ ನೀವು ಕೇಳ್ಲೇ ಇಲ್ಲ."

"ಕೇಳಿದ್ರೆ ಏನು ಹೇಳ್ತಿದ್ರಿ?"

ಮೇಷ್ಟ್ರು ಕನ್ನಡಕ ತೆಗೆದರು, ಅಂಗಿಗೆ ಒರೆಸಿದರು, ಹಾಕಿಕೊಂಡರು. "ನೀವು ರಜಾ ಹಾಕಿದ ದಿನ ನಾನು ನೋಡಿದ ಪುಟಗಳಲ್ಲೇ ತಪ್ಪು ಉಳಿಯೋದು. ಗಮನವೇ ನಿಲ್ಲಲ್ಲ. ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತಿ ನೋಡ್ತೀನಿ. ಅಂಥವನು ಊರೂರು ಸುತ್ತಿ ಏನು ಮಾಡ್ಲಿ?"

"ಇಷ್ಟ ಅನ್ನೋಕೆ ಇಷ್ಟು ಸುತ್ತಬೇಕಾ?"

"ಇಷ್ಟ," ಎಂದರು ಮೇಷ್ಟ್ರು. "ತುಂಬಾ ಇಷ್ಟ. ನನ್ನನ್ನ ಮದುವೆ ಆಗ್ತೀರಾ?"

ಚುಕ್ಕಿ ಬಾಯಿ ತೆರೆಯುವಷ್ಟರಲ್ಲಿ ಸಭಾಂಗಣದ ದೊಡ್ಡ ಬಾಗಿಲು ತೆರೆಯಿತು. ಅಭಿಮಾನಿಗಳ ಗುಂಪಿನ ನಡುವಿನಿಂದ ಪಿಯಾನೊದವಳು ಇವರತ್ತ ಕೈ ಬೀಸಿದಳು. ಮೇಷ್ಟ್ರೂ ಬೀಸಿದರು. ಚುಕ್ಕಿ ಅವರ ತೋಳನ್ನು ಹಿಡಿದು ಕೆಳಗೆಳೆದಳು.

"ಸಾಕು. ಅಷ್ಟು ಜೋರಾಗಿ ಬೀಸಬೇಕಾ?"

ಮೇಷ್ಟ್ರು ಅವಳನ್ನೇ ನೋಡಿದರು. "ಇದು ಹೂಂ ಅಂತಾನಾ?"

"ಮತ್ತಿನ್ನೇನು?" ಎಂದಳು ಚುಕ್ಕಿ. ಹಿಡಿದ ತೋಳನ್ನು ಬಿಡದೆಯೇ ಮೆಟ್ಟಿಲಿಳಿದಳು.