ನದಿಯಾಚೆ ಹೋಗಬೇಕಿದ್ದ ಪಾತ್ರೆ

ಶುಭ ಶುಕ್ರವಾರ ಬೆಳಿಗ್ಗೆ ಝೂರಿಕ್‌ನ ನಮ್ಮ ಕೆಥೋಲಿಕ್ ಚರ್ಚಿನ ಮೇಲೆ ಅಜ್ಜಿ, ನಾನು ಇರುವ ಮನೆಗೆ ಇಡಲಿನಾ ಅಕ್ಕ ಏದುಸಿರು ಬಿಡುತ್ತಾ ಬಂದಳು. ಚರ್ಚು ನೋಡಿಕೊಳ್ಳುವವಳು ಅವಳೇ.

"ಹೆಡ್ವಿಗ್ ಅಜ್ಜಿ, ಪೂಜೆಯ ಬೆಳ್ಳಿ ಪಾತ್ರೆ ಕಾಣ್ತಿಲ್ಲ! ನಾನೇ ಕದ್ದೆ ಅಂತಾರೆ ಹೆಸ್ ಸಾಹೇಬ್ರು. ಮೂರು ಗಂಟೆ ಪ್ರಾರ್ಥನೆಯೊಳಗೆ ಸಿಗದಿದ್ರೆ ನನ್ನ ಕೆಲಸ ಹೋಯ್ತು!"

ಅಜ್ಜಿ ಆರ್ಗನ್ ನುಡಿಸುವವಳು, ನಾನು ಹಾಳೆ ತಿರುವುವವಳು. ಯೇಸುವಿನ ಮರಣದ ಶೋಕ, ಈಸ್ಟರ್‌ವರೆಗೆ ಆರ್ಗನ್ ಮುಟ್ಟುವಂತಿಲ್ಲ. ಅವಳ ಬೆರಳುಗಳು ಬೆಳಿಗ್ಗೆಯಿಂದ ಮೇಜನ್ನೇ ಕುಟ್ಟುತ್ತಿದ್ದವು.

"ಕಪಾಟಿನ ಕೀ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ, ಹೆಸ್ ಸಾಹೇಬ್ರ ಹತ್ರ, ಬೆಳ್ಳಿ ಉಜ್ಜೋ ಉರ್ಸ್ ಹತ್ರ."

"ನಿನ್ನೆ ಪೂಜೆ ಆದ್ಮೇಲೆ ಏನೇನ್ ಮಾಡ್ದೆ?"

"ಪ್ರತಿ ವರ್ಷದ ಹಾಗೇ. ಪಾತ್ರೆ ಕಪಾಟಲ್ಲಿಟ್ಟೆ, ಪೀಠದ ಬಟ್ಟೆ ತೆಗ್ದೆ, ಮುಂಬಾಗಿಲ ಹತ್ರದ ಬಟ್ಟಲಿನ ತೀರ್ಥ ಗಿಡಕ್ಕೆ ಸುರಿದೆ, ಬೀಗ ಹಾಕ್ದೆ."

ನಾವು ಕೆಳಗಿಳಿದು ಬಂದಾಗ ಚರ್ಚ್ ಮಂಡಳಿಯ ಅಧ್ಯಕ್ಷ ಹೆಸ್, ಫಾದರ್ ಆಲ್ಬನ್ ಮುಂದೆ ಕೂಗಾಡುತ್ತಿದ್ದರು.

"ಎಂಟು ಗಂಟೆಗೆ ಮುಂಬಾಗಿಲಿಂದ ಬಂದೆ ಫಾದರ್, ತೀರ್ಥ ಮುಟ್ಟಿ ಶಿಲುಬೆ ಗುರುತು ಹಾಕ್ಕೊಂಡೆ, ಒಳಗೆ ಹೋದ್ರೆ ಕಪಾಟು ಖಾಲಿ! ಆ ಪಾತ್ರೆನ ನದಿಯಾಚೆ ಪ್ರಾಟೆಸ್ಟೆಂಟರ ಪ್ರದರ್ಶನಕ್ಕೆ ಕಳಿಸೋದು ಬೇಡ ಅಂತ ಬಡ್ಕೊಂಡೆ. ನಾಳೆ ಏನ್ ಕಳಿಸ್ತೀರಾ, ಇವಳ ಪೊರಕೆನಾ?"

ಪಕ್ಕದಲ್ಲಿ ನಿಂತ ಉರ್ಸ್ ಬೆವರುತ್ತಿದ್ದ. ಹೋದ ವರ್ಷವಷ್ಟೇ ಪ್ರಾಟೆಸ್ಟೆಂಟ್ ಚರ್ಚು ಬಿಟ್ಟು ನಮ್ಮಲ್ಲಿ ಸೇರಿದವನು. ನನಗಂತೂ ಅವನ ಮೇಲೇ ಅನುಮಾನ. ಅಜ್ಜಿ ಮುಂಬಾಗಿಲವರೆಗೆ ಹೋಗಿ ಬಂದಳು. ಆಮೇಲೆ ಎಲ್ಲರನ್ನೂ ಮುಂದಿನ ಬೆಂಚಿನಲ್ಲಿ ಕೂರಿಸಿದಳು.

"ಹೆಸ್ ಅವರೇ, ಬೆಳಿಗ್ಗೆ ನಿಮ್ಮ ಬೆರಳು ಒದ್ದೆ ಆಯ್ತಾ?"

"ಏನಜ್ಜಿ, ಇದು ತಮಾಷೆ ಮಾಡೋ ಹೊತ್ತಾ?"

"ಮುಂಬಾಗಿಲ ತೀರ್ಥದ ಬಟ್ಟಲು ನಿನ್ನೆಯಿಂದ ಒಣಗಿದೆ, ಈಗ ಮುಟ್ಟಿ ನೋಡ್ದೆ. ನೀವು ಮುಂಬಾಗಿಲಿಂದ ಬರ್ಲೇ ಇಲ್ಲ. ಉರ್ಸ್ ಸುಳ್ಳು ಹೇಳಿದ್ರೆ ಆ ಸುಳ್ಳಲ್ಲಿ ತೀರ್ಥದ ಮಾತೇ ಇರ್ತಿರ್ಲಿಲ್ಲ, ಪಾಪ, ಅವನ ಹಳೇ ಚರ್ಚಲ್ಲಿ ತೀರ್ಥ ಇಲ್ಲ, ಅವನಿಗಿನ್ನೂ ಅಭ್ಯಾಸ ಆಗಿಲ್ಲ. ನಿಮಗೆ ಹುಟ್ಟಿದಾಗಿಂದ ಅಭ್ಯಾಸ. ಕೈ ಮಾಡದಿದ್ರೂ ಬಾಯಿ ಹೇಳ್ಬಿಡ್ತು. ಕಪಾಟಿನ ಪಕ್ಕದ ಹಿಂಬಾಗಿಲಿಂದ ಬಂದಿದ್ದನ್ನ ಮುಚ್ಚಿಟ್ಟಿದ್ದು ಯಾಕೆ? ಪಾತ್ರೆ ಆಚೆ ಹೋಗಬಾರದು ಅಂತ ಬಡ್ಕೊಂಡವರೂ ನೀವೇ."

ಹೆಸ್ ಮುಖ ಕೆಂಪಾಯಿತು. "ಪೂಜೆ ಮಾಡಿದ್ರೆ ಪ್ರಾಟೆಸ್ಟೆಂಟರು ಊರಿಂದ ಓಡಿಸ್ತಿದ್ದ ಕಾಲದಲ್ಲಿ ನಮ್ಮ ಹಿರೀಕರು ಅದನ್ನ ಚೀಸ್ ಗಾಡೀಲಿ ಬಚ್ಚಿಟ್ಟು ತಂದ್ರು. ಈಗ ಅವರಿಗೇ ತೋರಿಸ್ಬೇಕಾ? ...ನನ್ನ ಕಾರಲ್ಲಿದೆ."

"ಅದಕ್ಕೆ ಈ ಹೆಣ್ಣುಮಗಳ ಅನ್ನ ಕಿತ್ಕೊಳ್ತಿದ್ರಾ?" ಎಂದರು ಫಾದರ್.

ಇಡಲಿನಾ ಅಕ್ಕ ತೋಳಿನಲ್ಲೇ ಕಣ್ಣೊರೆಸಿಕೊಂಡು ಎದ್ದಳು. ಗೋಡೆಗೆ ಒರಗಿಸಿದ್ದ ಕುರ್ಚಿಯೊಂದನ್ನು ತಂದು ಹೆಸ್ ಕೈಗಿಟ್ಟಳು.

"ಮೂರು ಗಂಟೆಗೆ ಜನ ತುಂಬ್ತಾರೆ. ಬೆಂಚು ಸಾಲಲ್ಲ, ಇನ್ನೂರು ಕುರ್ಚಿ ಹಾಕೋದಿದೆ. ಸಾಲು ನೆಟ್ಟಗಿರ್ಲಿ, ಸಾಹೇಬ್ರೇ."