ಸದ್ದಿಲ್ಲದೆ ಆಡಿದ ಮಾತು

"ನೋಡೇ ಆ ಎಡಗಡೆಯವನನ್ನ! ಕೊಕ್ಕರೆಗೆ ಚಡ್ಡಿ ಹಾಕಿಸಿದ ಹಾಗಿದ್ದಾನೆ..."

ಹೆಸ್ಟರ್ ಇದನ್ನು ಕೂಗಿ ಹೇಳಲಿಲ್ಲ. ನಾಲ್ಕು ಜನರಾಚೆ ನಿಂತಿದ್ದ ಗೆಳತಿ ಆಡಾಗೆ ಬರೀ ತುಟಿಯಲ್ಲಿ ಹೇಳಿದಳು. ಮಗ್ಗಗಳ ಆರ್ಭಟದಲ್ಲಿ ಕಿವಿಯಿಂದ ಪ್ರಯೋಜನವಿಲ್ಲದೆ ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಯ ಹೆಂಗಸರೆಲ್ಲ ಹಾಗೆಯೇ ಮಾತಾಡುತ್ತಿದ್ದರು. ಶನಿವಾರ ಫುಟ್‌ಬಾಲ್ ಮೈದಾನದಲ್ಲೂ ಅದೇ ಅಭ್ಯಾಸ.

ಗೆರೆಯ ಹತ್ತಿರ ಚೆಂಡಿಗಾಗಿ ಕಾಯುತ್ತಿದ್ದ ಆಟಗಾರ ತಟ್ಟನೆ ತಿರುಗಿದ. ನೇರವಾಗಿ ಅವಳನ್ನೇ ನೋಡಿದ. ಅವನ ತುಟಿಗಳೂ ಸದ್ದಿಲ್ಲದೆ ಅಲುಗಿದವು.

"ಕೊಕ್ಕರೆ ಮೀನು ಹಿಡಿಯೋದನ್ನೂ ನೋಡ್ಕೊಂಡು ಹೋಗಮ್ಮ."

ಅಯ್ಯೋ ದೇವರೇ... ಇವನಿಗೆ ತುಟಿ ಓದೋಕೆ ಬರುತ್ತೆ!

ಆಡಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗೊತ್ತಿಲ್ವೇನೇ? ಅವನು ಸೈಲಸ್! ನಮ್ಮ ಜೊತೆ ನೇಯೋ ಹೋಲ್ಡನಮ್ಮನ ಮಗ. ಮಗ್ಗದ ಕೆಳಗೇ ಬೆಳೆದೋನು!"

ಅಷ್ಟರಲ್ಲಿ ಸೈಲಸ್ ಇಬ್ಬರನ್ನು ದಾಟಿ ಒಳಕ್ಕೆ ನುಗ್ಗಿದ. ಗೋಲು!

ಆ ವಸಂತದಲ್ಲಿ ಅವರಿಬ್ಬರೂ ಭಾನುವಾರಗಳಂದು ಕಾಲುವೆಯ ದಂಡೆಯಲ್ಲಿ ನಡೆದರು. ವಿನೆಗರ್ ಹಾಕಿದ ಬಟಾಣಿಯನ್ನು ಒಂದೇ ಬಟ್ಟಲಲ್ಲಿ ತಿಂದರು.

"ಆಡೋಕೆ ಸಂಬಳ ತಗೊಳ್ಳೋನು ನಂಗೆ ಅಳಿಯನೇ?" ಎಂದು ಹೆಸ್ಟರಳ ಅಪ್ಪ ಗೊಣಗಿದ. ಆದರೆ ಶನಿವಾರ ಎಲ್ಲರಿಗಿಂತ ಮೊದಲು ಬೇಲಿಯ ಹತ್ತಿರ ಜಾಗ ಹಿಡಿಯುತ್ತಿದ್ದವನೂ ಅವನೇ. ಊರೆಲ್ಲ ಹಾಗೆಯೇ. ಸೈಲಸನ ಓಟಕ್ಕೆ ಮಾತ್ರವಲ್ಲ, ತನಗೆ ಡಿಕ್ಕಿ ಹೊಡೆದು ಬಿದ್ದವನನ್ನೂ ತಾನೇ ಕೈಹಿಡಿದು ಎಬ್ಬಿಸುವ ಅವನ ರೀತಿಗೆ ಜನ ಮನಸೋತಿದ್ದರು.

ಆಮೇಲೆ 1914ರ ಮಹಾಯುದ್ಧ ಬಂತು.

ಹೆಸ್ಟರಳ ತಮ್ಮ ವಿಲ್ಫ್ ಮೊದಲ ವಾರವೇ ಸೇನೆ ಸೇರಿದ. ಅಕ್ಟೋಬರಿನಲ್ಲಿ ಸತ್ತ. ಹೆಸ್ಟರ್ ಮನೆಯ ಬಾಗಿಲು ಹಾಕಿಕೊಂಡಳು. ಸೈಲಸ್ ಬಂದು ತಟ್ಟಿದರೂ ತೆಗೆಯಲಿಲ್ಲ. ಸ್ವಲ್ಪ ದಿನಗಳಲ್ಲಿ ಅವನು ಬರುವುದೂ ನಿಂತಿತು.

ಫೆಬ್ರವರಿಯ ಒಂದು ಶನಿವಾರ ಆಡಾ ಅವಳನ್ನು ಬಲವಂತವಾಗಿ ಮೈದಾನಕ್ಕೆ ಎಳೆದು ತಂದಳು. ಕಪ್ಪು ಬಟ್ಟೆಯ ಹೆಸ್ಟರ್ ಬೇಲಿಗೆ ಒರಗಿ ನಿಂತಳು. ಸೈಲಸ್ ಓಡುತ್ತಿದ್ದ, ಜನ ಕೂಗುತ್ತಿದ್ದರು.

ವಿಲ್ಫ್ ಮಣ್ಣಲ್ಲಿದ್ದಾನೆ... ಇವನಿಗೆ ಇನ್ನೂ ಆಟ!

ಕಾರ್ನರ್ ಕಿಕ್ ಹೊಡೆಯಲು ಅವನು ಅವಳೆದುರಿಗೇ ಬಂದ. ಅವಳನ್ನು ಕಂಡು ಅವನ ಮುಖ ಬೆಳಗಿತು. ಅವಳ ತುಟಿಗಳು ಒಂದೇ ಒಂದು ಮಾತಾಡಿದವು.

"ಹೇಡಿ."

ಅವನು ಓದಿದ. ತಲೆ ತಗ್ಗಿಸಿ ಚೆಂಡನ್ನು ಇಟ್ಟ, ಒದ್ದ. ಸಂಗಡಿಗನೊಬ್ಬನ ತಲೆಗೆ ತಾಗಿ ಗೋಲಾಯಿತು. ಸಂಗಡಿಗರು ಅವನನ್ನು ತಬ್ಬಲು ಓಡಿ ಬರುವಷ್ಟರಲ್ಲಿ ಅವನು ಬೆನ್ನು ತಿರುಗಿಸಿ ನಡೆದಿದ್ದ.

ಸೋಮವಾರ ಬೆಳಿಗ್ಗೆ ಹೋಲ್ಡನಮ್ಮ ತನ್ನ ಮಗ್ಗಗಳನ್ನು ಬಿಟ್ಟು ಬಂದು ಹೆಸ್ಟರಳ ಮುಂದೆ ನಿಂತಳು. ಗಿರಣಿಯಲ್ಲಿ ಎಂದೂ ಯಾರೂ ಹಾಗೆ ಮಾಡುತ್ತಿರಲಿಲ್ಲ.

"ನಾನೂ ಅಲ್ಲೇ ಇದ್ದೆ. ನೀನಂದಿದ್ದು ಓದಿದೆ," ಎಂದವು ಮುದುಕಿಯ ತುಟಿಗಳು. "ಅವನು ಜನವರಿಯಲ್ಲೇ ಸೇನೆಗೆ ಸೇರಿದ ಕಣೇ! ಆಗೊಮ್ಮೆ ಈಗೊಮ್ಮೆ ಶನಿವಾರ ಆಡೋಕೆ ಅಂತ ಶಿಬಿರದಿಂದ ಬಿಡ್ತಾರೆ, ಅಷ್ಟೇ. ನಿಂಗೆ ಹೇಳಬೇಡ ಅಂತ ಆಣೆ ಹಾಕಿಸಿದ. ತಮ್ಮನ ನೋವೇ ಸಾಕು ಅವಳಿಗೆ ಅಂದ. ಪೆದ್ದ, ನನ್ನ ಮಗ!"

ಸುತ್ತಲಿನ ಹೆಂಗಸರೆಲ್ಲ ಓದಿಕೊಂಡರು. ಒಬ್ಬಳೂ ಕಣ್ಣು ತೆಗೆಯಲಿಲ್ಲ.

"ಈಗೆಲ್ಲಿದ್ದಾನೆ ಅಮ್ಮಾ?"

"ಮೈದಾನದಲ್ಲಿ, ಆಟದ ಬೂಟು ತಗೊಳ್ಳೋಕೆ ಹೋಗಿದ್ದಾನೆ. ಅಲ್ಲಿಂದಲೇ ರೈಲಿಗೆ. ಮತ್ತೆ ಯಾವಾಗ ಬಿಡ್ತಾರೋ..."

"ಹೋಗೇ! ನಿನ್ನ ಮಗ್ಗ ನಾನು ನೋಡ್ಕೋತೀನಿ," ಎಂದಳು ಆಡಾ.

ಹೆಸ್ಟರ್ ಏಪ್ರನ್ನಿನಲ್ಲೇ ಓಡಿದಳು. ಮೇಸ್ತ್ರಿ ಹಿಂದಿನಿಂದ ಏನೋ ಕಿರುಚಿದ. ಅವಳು ತಿರುಗಿ ನೋಡಲಿಲ್ಲ.

ಸೈಲಸ್ ಖಾಕಿ ಬಟ್ಟೆಯಲ್ಲಿ ಖಾಲಿ ಬೆಂಚಿನ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ.

ಮುಂದಿನ ವರ್ಷದ ಬೇಸಿಗೆಯಲ್ಲಿ, ಫ್ರಾನ್ಸಿನ ಒಂದು ಕಾಡಿನ ಅಂಚಿನಲ್ಲಿ, ಗಾಯಗೊಂಡವನೊಬ್ಬನನ್ನು ಎಳೆದು ತಂದು, ಇನ್ನೊಬ್ಬನಿಗಾಗಿ ಹೊರಟಾಗ ಸೈಲಸ್ ಸತ್ತ. ದೇಹ ಸಿಗಲಿಲ್ಲ. ಮರಳಿ ಬಂದ ಸಂಗಡಿಗರು ಹೇಳಿದ್ದಿಷ್ಟೇ: ಅವನ ಹಾಗೆ ಓಡಿದವನನ್ನು ನಾವು ನೋಡಿಲ್ಲ.

ಆ ಸೋಮವಾರ ಅದು ಯಾರಿಗೂ ಗೊತ್ತಿರಲಿಲ್ಲ.

ಹೆಸ್ಟರ್ ಏದುಸಿರು ಬಿಡುತ್ತ ಅವನೆದುರು ನಿಂತಳು. ಬಾಯಿ ತೆರೆದಳು. ಅಭ್ಯಾಸದಂತೆ ತುಟಿಗಳಷ್ಟೇ ಅಲುಗಿದವು. ಅವಳು ಮತ್ತೆ ಪ್ರಯತ್ನಿಸಿದಳು, ಈ ಸಲ ಗಟ್ಟಿಯಾಗಿ.

"ಕ್ಷಮಿಸು ಸೈಲಸ್! ಆ ಮಾತು ವಾಪಸ್ ತಗೋತೀನಿ. ಕೇಳಿಸ್ತಾ?"

"ಕಾಲುವೆ ಆಚೆಗೂ ಕೇಳಿಸಿರುತ್ತೆ," ಎಂದ ಅವನು. ಆಮೇಲೆ ಮೆಲ್ಲಗೆ, "ಪೂರ್ತಿ ಸುಳ್ಳೇನಲ್ಲ ಹೆಸ್ಟರ್. ನಂಗೆ ಭಯ ಇದೆ. ರಾತ್ರಿ ಕೈ ನಡುಗುತ್ತೆ."

"ಆದ್ರೂ ಹೋಗ್ತಿದ್ದೀಯಲ್ಲ."

"ಹೋಗ್ತಿದ್ದೀನಿ."

ಅವಳು ಅವನ ಕೈಯಿಂದ ಬೂಟು ತೆಗೆದು ಪಕ್ಕಕ್ಕಿಟ್ಟು, ಆ ಕೈಗಳನ್ನು ತನ್ನ ಏಪ್ರನ್ನಿನಲ್ಲಿ ಸುತ್ತಿ ಹಿಡಿದಳು.

"ಮುಂದಿನ ರಜೆಗೆ ನನ್ನ ಮದುವೆ ಆಗು. ನಾನು ಚರ್ಚಿನ ಬಾಗಿಲಲ್ಲೇ ನಿಂತಿರ್ತೀನಿ."

ಅವನು ತಲೆಯೆತ್ತಿದ. ಕಣ್ಣು ಒದ್ದೆಯಾಗಿತ್ತು.

"ಶನಿವಾರ ಬೇಡ ಕಣೇ. ಪಂದ್ಯ ಇರುತ್ತೆ."

ವಿಲ್ಫ್ ಹೋದ ಮೇಲೆ ಹೆಸ್ಟರ್ ಮೊದಲ ಸಲ ನಕ್ಕಳು.

"ಭಾನುವಾರ?"

"ಭಾನುವಾರ ಪೂರ್ತಿ ನಿಂದೇ."