ಡಿಲೀಟ್ ಮಾಡಿದರೂ ಹೋಗಲಿಲ್ಲ

“ಪೂರಾ ಹೋಯ್ತಾ?” ಅಪ್ಪ ಬಾಗಿಲ ಸಂದಿಯಿಂದ ಪಿಸುಗುಟ್ಟಿದ.

“ಹೋಯ್ತಪ್ಪ. ಡಿಲೀಟ್ ಕೊಟ್ಟೆ. ರೀಸೈಕಲ್ ಬಿನ್ ಸಹ ಖಾಲಿ ಮಾಡ್ದೆ,” ಅಂದಳು ಮೋಕ್ಷಿತಾ.

“ನೀ ಓಪನ್ ಮಾಡಿ ಕಂಡಿಲ್ಲೆ ಅಲ್ದಾ?”

“ಇಲ್ಲೆ.”

ಅಪ್ಪ ಆಚೆ ಹೋದದ್ದೇ ತಡ, ಅಜ್ಜಿ ಒಳಗೆ ಬಂದಳು. ಅವಳ ಕೈಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ಇತ್ತು.

“ಹೆಣೆ, ನನ್ ಫೋಟೋ ಸಹ ಹೋಯ್ತಾ? ಯಾವ್ದಕ್ಕೂ ಇದನ್ನ ಒಂದ್ಸಲ ತಿಕ್ಕ್. ಮ್ಯಾಗ್ನೆಟ್ ತಿಕ್ಕಿರೆ ಎಲ್ಲ ಅಳ್ಸಿ ಹೋತ್ತ್ ಅಂಬ್ರ್.”

ಮೋಕ್ಷಿತಾ ಐದನೇ ಕ್ಲಾಸು. ಕೋಡಿ ಊರಿನ ಆ ಮನೆಯಲ್ಲಿ ಕಂಪ್ಯೂಟರ್ ವಿಷಯಕ್ಕೆಲ್ಲ ಅವಳೇ ಎಂಜಿನಿಯರ್. ಲ್ಯಾಪ್‌ಟಾಪಿನ ಮೇಲೆ, ಕೆಳಗೆ, ಮೂಲೆಮೂಲೆಗೂ ಗಂಭೀರವಾಗಿ ಮ್ಯಾಗ್ನೆಟ್ ತಿಕ್ಕಿದಳು.

ಇಷ್ಟೆಲ್ಲ ಗಡಿಬಿಡಿ ಯಾಕೆಂದರೆ, ಆ ಹಳೆ ಲ್ಯಾಪ್‌ಟಾಪ್ ಸೂರಣ್ಣನ ಮನೆಗೆ ಹೋಗುವುದಿತ್ತು. ಸೂರಣ್ಣ ಅಪ್ಪನ ಜೊತೆ ಮೀನು ವ್ಯಾಪಾರ ಮಾಡುವವನು. ಒಳ್ಳೆಯವನೇ. ಆದರೆ ಬೆಳಿಗ್ಗೆ ಅವನಿಗೆ ಗೊತ್ತಾದ ಸುದ್ದಿ ಮಧ್ಯಾಹ್ನದೊಳಗೆ ಹೊಳೆ ದಾಟಿ ಗಂಗೊಳ್ಳಿ ಮುಟ್ಟುತ್ತಿತ್ತು.

ಕೊಡುವ ಮುಂಚೆ ವಿಂಡೋಸ್ ಹೊಸದಾಗಿ ಹಾಕಿಸಬೇಕಿತ್ತು. ಅದಕ್ಕೆ ಅಪ್ಪ, ಮಗಳು ಇಬ್ಬರೂ ಕುಂದಾಪುರದ ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಹೊರಟರು. “ನಂಗೂ ಮಂಡಿ ನೋವಿನ ಎಣ್ಣೆ ತಕಂಬುಕಿತ್ತ್,” ಅಂತ ಅಜ್ಜಿಯೂ ಆಟೋ ಹತ್ತಿದಳು.

ಅಂಗಡಿಯ ಸುಪ್ರೀತಕ್ಕ ಕೇಳಿದಳು, “ಒಳಗಿದ್ದದ್ದೆಲ್ಲ ಅಳ್ಸಿದ್ರಿಯಾ?”

“ಮಗ್ಳ್ ಅಳ್ಸಿದ್ಲ್,” ಅಂದ ಅಪ್ಪ.

“ಮ್ಯಾಗ್ನೆಟ್ ಸಹ ತಿಕ್ಕಿದೆ,” ಅಂದಳು ಮೋಕ್ಷಿತಾ.

ಸುಪ್ರೀತಕ್ಕನಿಗೆ ನಗು ಬಂತು. “ಇದ್ರಗೆ ಇಪ್ದ್ ಎಸ್‌ಎಸ್‌ಡಿ. ಬರೀ ಚಿಪ್. ಮ್ಯಾಗ್ನೆಟ್ಟಿಗೆಲ್ಲ ಬಗ್ಗುದಿಲ್ಲೆ. ಡಿಲೀಟ್ ಮಾಡುದಂದ್ರೆ ಮೀನ್ ಬುಟ್ಟಿ ಮೇಲೆ ಸೊಪ್ಪು ಮುಚ್ಚಿದಾಂಗೆ. ಕೆಲವು ಸಲ ಒಳಗಿನ ಮೀನೂ ಹೋತ್ತ್, ಕೆಲವು ಸಲ ಅಲ್ಲೇ ಇರತ್ತ್. ಕಾಂಬ.”

ಅವಳು ಏನೋ ಒಂದು ಪ್ರೋಗ್ರಾಂ ಓಡಿಸಿದಳು. ಸ್ವಲ್ಪ ಹೊತ್ತಿಗೆ ಸ್ಕ್ರೀನಿನ ಮೇಲೆ ಫೈಲುಗಳು ಒಂದೊಂದಾಗಿ ಎದ್ದು ಬಂದವು. ಸುಪ್ರೀತಕ್ಕ ಮೊದಲನೆಯದನ್ನು ಒತ್ತಿದಳು. ಅಂಗಡಿ ತುಂಬ ಅಪ್ಪನ ಧ್ವನಿ ಕೇಳಿಸಿತು.

“ಗುಡ್ ಮಾರ್ನಿಂಗ್ ಟೀಚರ್. ಐ ಆಮ್ ಮೋಕ್ಷಿತಾ ಫಾದರ್. ಮೈ ಡಾಟರ್ ಈಸ್ ವೆರಿ ಫ್ರೆಶ್. ಅಲ್ಲ ಅಲ್ಲ, ಫ್ರೆಶ್ ಮೀನಿಗೆ ಹೇಳುದ್. ಮೈ ಡಾಟರ್ ಈಸ್ ವೆರಿ ಗುಡ್. ಐ ಆಮ್ ಆಲ್ಸೋ ಗುಡ್.”

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುಲು ನಕ್ಕಳು. ಮೊಬೈಲ್ ರಿಪೇರಿಗೆ ಬಂದಿದ್ದ ಇಬ್ಬರೂ ನಕ್ಕರು. ಅಪ್ಪ ಗೋಡೆಗೆ ತೂಗುಹಾಕಿದ್ದ ಚಾರ್ಜರುಗಳನ್ನು ನೋಡುತ್ತಾ ನಿಂತುಬಿಟ್ಟ. ಅವನ ಕಿವಿ ಕೆಂಪಾಗಿತ್ತು.

ಮೋಕ್ಷಿತಾಳಿಗೂ ನಗು ಬಂದಿತ್ತು. ಅರ್ಧಕ್ಕೇ ನಿಂತಿತು.

ಹೋದ ವರ್ಷ ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಅಪ್ಪ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದಿದ್ದ. ಟೀಚರ್ ಇಂಗ್ಲಿಷಿನಲ್ಲಿ ಏನು ಕೇಳಿದರೂ “ಯೆಸ್ ಮಿಸ್” ಅಂದಿದ್ದ. ಇವಳು ಮನೆಯಲ್ಲಿ ಓದುವುದೇ ಇಲ್ಲವಾ? ಯೆಸ್ ಮಿಸ್. ಬರೀ ಟಿವಿ ನೋಡುತ್ತಾಳಾ? ಯೆಸ್ ಮಿಸ್. ಆವತ್ತು ಮನೆಗೆ ಬರುವವರೆಗೂ ಅವಳು ಅಪ್ಪನ ಹತ್ತಿರ ಮಾತಾಡಿರಲಿಲ್ಲ. ಆಮೇಲಿನ ಮೀಟಿಂಗಿಗೆಲ್ಲ ಅಮ್ಮನನ್ನೇ ಕರೆದುಕೊಂಡು ಹೋಗಿದ್ದಳು. ಅಪ್ಪ ಯಾರಿಗೂ ಗೊತ್ತಾಗದ ಹಾಗೆ ಇಂಗ್ಲಿಷ್ ಅಭ್ಯಾಸ ಮಾಡುತ್ತಿದ್ದದ್ದು ಅವಳಿಗೆ ಈಗ ಗೊತ್ತಾಯಿತು.

ಅಜ್ಜಿ ಇನ್ನೂ ನಗುತ್ತಲೇ ಇದ್ದಳು. ಅಷ್ಟರಲ್ಲಿ ಸ್ಕ್ರೀನಿನ ಮೇಲೆ ಒಂದು ಫೋಟೋ ಮೂಡತೊಡಗಿತು. ಮೊದಲು ಅಪ್ಪನ ಕೂಲಿಂಗ್ ಗ್ಲಾಸ್. ಅದರ ಹಿಂದೆ ಅಜ್ಜಿಯ ಮುಖ. ಕೆಳಗೆ ಅಮ್ಮನ ಹಳದಿ ಚೂಡಿದಾರ್. ಸೊಂಟದ ಮೇಲೆ ಕೈ. ಅಮ್ಮ ಮೊದಲ ಸಲ ಚೂಡಿದಾರ್ ಹಾಕಿದಾಗ ವಾರವಿಡೀ ಗೊಣಗಿದ್ದವಳು ಇದೇ ಅಜ್ಜಿ.

ಅಜ್ಜಿಯ ನಗು ಸ್ವಿಚ್ ಆಫ್ ಮಾಡಿದ ಮಿಕ್ಸಿಯ ಹಾಗೆ ನಿಂತಿತು.

ಮೋಕ್ಷಿತಾ ಒಂದೇ ನೆಗೆತಕ್ಕೆ ಸ್ಕ್ರೀನಿಗೆ ಎರಡೂ ಕೈ ಅಡ್ಡ ಹಿಡಿದಳು.

“ಎಂತ ಅದ್?” ಅಪ್ಪ ಕುತ್ತಿಗೆ ಉದ್ದ ಮಾಡಿದ.

“ನನ್ ಫೋಟೋ. ನೀ ಕಾಂಬುಕಾಗ.” ಅವಳು ಸುಪ್ರೀತಕ್ಕನ ಕಡೆ ತಿರುಗಿದಳು. “ಸಾಕ್ ಅಕ್ಕ. ಪೂರಾ ಅಳ್ಸುದ್ ಹ್ಯಾಂಗೆ?”

ಸುಪ್ರೀತಕ್ಕ ಫೋಟೋ ಮುಚ್ಚಿದಳು. “ಯಾವ್ದನ್ನ ಎಲ್ಲಿ ಇಟ್ಟಿತ್ತ್ ಅಂತ ಈ ಎಸ್‌ಎಸ್‌ಡಿಗೆ ಮಾತ್ರ ಗೊತ್ತ್. ಹಾಂಗಾಗಿ ಅಳ್ಸುಕೂ ಅದಕ್ಕೇ ಹೇಳ್ಕ್. ಸೆಕ್ಯೂರ್ ಇರೇಸ್ ಅಂತ ಒಂದಿತ್ತ್. ಒಂದ್ಸಲ ಕೊಟ್ರೆ ಮುಗೀತ್, ವಾಪಸ್ ಬಪ್ದಿಲ್ಲೆ. ಕೊಡ್ಲಾ?”

ಮೋಕ್ಷಿತಾ ಅಪ್ಪನ ಮುಖ ನೋಡಿದಳು. ಅಪ್ಪ ತಲೆ ಆಡಿಸಿದ.

“ಕೊಡಿ ಅಕ್ಕ.”

ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸುಪ್ರೀತಕ್ಕ ಮತ್ತೆ ಹುಡುಕಿ ತೋರಿಸಿದಳು. ಏನೂ ಇಲ್ಲ. ಪೂರಾ ಖಾಲಿ. ವಿಂಡೋಸ್ ಹಾಕಲು ಅದನ್ನು ಅಲ್ಲೇ ಬಿಟ್ಟು ಹೊರಗೆ ಬಂದದ್ದೇ ಅಜ್ಜಿ, ಯಾರೂ ಕೇಳದೆಯೇ, ಮೋಕ್ಷಿತಾಳಿಗೆ ದೊಡ್ಡ ಐಸ್‌ಕ್ರೀಂ ತೆಗೆಸಿಕೊಟ್ಟಳು. ಎಣ್ಣೆಯ ನೆನಪೇ ಅವಳಿಗೆ ಆಗಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ಅಪ್ಪ ಹೊರಗೆ ನೋಡುತ್ತಾ ಕೂತಿದ್ದ.

“ಅಪ್ಪ, ಶನಿವಾರ ಶಾಲೆಲಿ ಮೀಟಿಂಗ್ ಇತ್ತ್.”

“ಅಮ್ಮ ಬತ್ಲಲೆ.”

“ಅಮ್ಮ ಬ್ಯಾಡ. ನೀ ಬಾ.”

ಅಪ್ಪ ತಿರುಗಿ ನೋಡಿದ. “ನಾ ಬಂದ್ ಎಂತ ಮಾತಾಡುದ್?”

“ಕನ್ನಡದಗೇ ಮಾತಾಡ್. ಟೀಚರ್ ಬಸ್ರೂರಿನವ್ರ್. ಅವ್ರಿಗೂ ಬತ್ತ್.” ಅವಳು ಐಸ್‌ಕ್ರೀಮನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದಳು. ಅದು ಕರಗಿ ಅವನ ಲುಂಗಿಯ ಮೇಲೆ ಒಂದು ಹನಿ ಬಿತ್ತು.

ಆಟೋ ಕೋಡಿಯ ಸೇತುವೆ ದಾಟಿದ ಮೇಲೆ ಅಪ್ಪ ಕೇಳಿದ, “ಎಷ್ಟ್ ಗಂಟೆಗೆ?”